ಅಂಟಾರ್ಕ್ಟಿಕಾಕ್ಕೆ ಹೋದ ನನ್ನ ರಜೆ

ಊರವರ ಜೊತೆ ಮಾತಿಗೆ ಕೂತಾಗ ಯಾರಾದರೂ ಸ್ವಿಟ್ಜರ್ಲೆಂಡು, ಸಿಂಗಾಪುರ ಎಂದು ಶುರುಮಾಡಿದರೆ ನಾನು ಕೊನೆಯವರೆಗೂ ಬಾಯಿಮುಚ್ಚಿ ಕೇಳುತ್ತೇನೆ. ಅವರದ್ದೆಲ್ಲ ಮುಗಿದ ಮೇಲೆ, "ನಾನು ಅಂಟಾರ್ಕ್ಟಿಕಾ ನೋಡಿದ್ದೇನೆ" ಎನ್ನುತ್ತೇನೆ. ಯಾರೂ ನಂಬುವುದಿಲ್ಲ. ತಪ್ಪು ಅವರದ್ದಲ್ಲ. ಬಹರೇನಿನ ಗುದೈಬಿಯಾದಲ್ಲಿ ಒಂದೇ ಕೋಣೆಯಲ್ಲಿ ಮೂವರು ಮಲಗುತ್ತಿದ್ದವರ ಪೈಕಿ ಒಬ್ಬ, ಏಸಿ ರಿಪೇರಿ ಕಂಪನಿಯ ಆಫೀಸಿನಲ್ಲಿ ಫೋನ್ ಎತ್ತಿ ಬೈಗುಳ ಕೇಳುತ್ತಿದ್ದವ, ಪೆಂಗ್ವಿನ್ ನೋಡಲು ಹಡಗು ಹತ್ತಿದ ಎಂದರೆ ನಾನೂ ನಂಬುತ್ತಿರಲಿಲ್ಲ. ಆದರೆ ಹೋದದ್ದು ಹೌದು. ಹೋದದ್ದು ನನ್ನ ಖುಷಿಗಲ್ಲ, ನನ್ನ ರಜೆಯಲ್ಲಿ. ಇವೆರಡರ ವ್ಯತ್ಯಾಸ ಗಲ್ಫಿನಲ್ಲಿ ದುಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಬರೆಯುತ್ತಿದ್ದೇನೆ.

ನಮ್ಮ ಧಣಿಗಳು ಉಡುಪಿ ಕಡೆಯವರು. ಸ್ಪ್ಯಾನರ್ ಹಿಡಿದು ಬಹರೇನಿಗೆ ಬಂದವರು, ನಾನು ಸೇರುವ ಹೊತ್ತಿಗೆ ನಲವತ್ತು ಜನ ಮೆಕ್ಯಾನಿಕ್‌ಗಳನ್ನು ಇಟ್ಟುಕೊಂಡು ಅದ್ಲಿಯಾದಲ್ಲಿ ವಿಲ್ಲಾ ಮಾಡಿದ್ದರು. ಮನುಷ್ಯ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಇವರು ಕ್ರಿಸ್ಮಸ್ಸಿಗೆ ಕೇಕು, ಈದಿಗೆ ಬಿರಿಯಾನಿ, ಅಷ್ಟಮಿಗೆ ಉಂಡೆ ಎಲ್ಲವನ್ನೂ ಕೆಲಸದವರ ಕ್ಯಾಂಪಿಗೆ ಕಳಿಸುವವರು. ಜುಲೈ ಬಿಸಿಲಿನಲ್ಲಿ ಮಾಳಿಗೆ ಹತ್ತಿ ಅವಾಲಿಯ ಬಂಗಲೆಗಳನ್ನು ತಂಪು ಮಾಡುವ ಆ ನಲವತ್ತು ಜನರ ಸ್ವಂತ ಕ್ಯಾಂಪಿನ ಏಸಿ ಕೆಟ್ಟರೆ ಮಾತ್ರ ಯಾಕೋ ಬಿಡಿಭಾಗ ಸಿಗಲು ಎರಡು ವಾರ ಹಿಡಿಯುತ್ತಿತ್ತು.

ಆಫೀಸಿನಲ್ಲಿ ನನ್ನ ಕುರ್ಚಿಯ ಹಿಂದೆ ಒಂದು ಕಬ್ಬಿಣದ ಕಪಾಟು. ಎಲ್ಲರ ಪಾಸ್‌ಪೋರ್ಟೂ ಅದರೊಳಗೆ. ಬೀಗದ ಕೈ ಧಣಿಗಳ ಪ್ಯಾಂಟಿನ ಕಿಸೆಯಲ್ಲಿ. "ನಿಮ್ಮ ಒಳ್ಳೇದಕ್ಕೇ ಮಾರಾಯ, ರೂಮಿನಲ್ಲಿ ಇಟ್ರೆ ಕಳೆದುಹೋಗ್ತದೆ" ಎನ್ನುತ್ತಿದ್ದರು. ಪಾಸ್‌ಪೋರ್ಟ್ ಹೊರಗೆ ಬರಬೇಕಾದರೆ ಒಂದು ಫಾರಂ ತುಂಬಿಸಬೇಕು. ಆ ಫಾರಮಿನಲ್ಲಿ ಎರಡೇ ಚೌಕ. ಒಂದು ರಜೆ. ಇನ್ನೊಂದು ಖಲಾಸ್, ಅಂದರೆ ವೀಸಾ ರದ್ದು ಮಾಡಿಸಿ ಗಂಟುಮೂಟೆ ಕಟ್ಟುವುದು. ಎರಡರಲ್ಲೊಂದಕ್ಕೆ ಗೀಟು ಹಾಕದೆ ಯಾರ ಪಾಸ್‌ಪೋರ್ಟೂ ಆ ಕಪಾಟಿನಿಂದ ಹೊರಗೆ ಬಂದದ್ದಿಲ್ಲ. ಮನುಷ್ಯನಿಗೆ ಪಾಸ್‌ಪೋರ್ಟ್ ಬೇಕಾಗಲು ಮೂರನೆಯ ಕಾರಣ ಇರಬಹುದು ಎಂದು ಆ ಫಾರಂ ಟೈಪ್ ಮಾಡಿದವನಿಗೆ ಹೊಳೆದಿರಲಿಲ್ಲ. ಟೈಪ್ ಮಾಡಿದವನು ನಾನೇ.

ಇನ್ನು ರಜೆಯ ವಿಷಯ. ಎರಡು ವರ್ಷಕ್ಕೊಮ್ಮೆ ಮೂವತ್ತು ದಿನ. ನಾನು ಮದುವೆಯ ರಜೆ ಮುಗಿಸಿ ವಾಪಸು ಬಂದ ತಿಂಗಳೇ ಹೆಂಡತಿ ಫೋನಿನಲ್ಲಿ ಸುದ್ದಿ ಹೇಳಿದಳು. ಮಗಳು ಹುಟ್ಟಿದಾಗ ನಾನು ಬಹರೇನಿನಲ್ಲಿ. ನಾಮಕರಣಕ್ಕೆ ಇಗರ್ಜಿಯ ಪಾದ್ರಿಗಳ ಹತ್ತಿರ ಕೊಂಡುಹೋದಾಗಲೂ ಬಹರೇನಿನಲ್ಲಿ. ಮೊದಲ ಹಲ್ಲು ಬಂದದ್ದು, ಮೊದಲ ಹೆಜ್ಜೆ ಇಟ್ಟದ್ದು ಎಲ್ಲ ನನಗೆ ಗೊತ್ತಾದದ್ದು ಫೋನ್ ಕಾರ್ಡು ಗೀಚಿ ನಂಬರು ಒತ್ತಿ. ಎರಡು ವರ್ಷ ತುಂಬುವಾಗ ರಜೆ ಕೇಳಿದೆ. "ಬೇಸಿಗೆ ಬರ್ಲಿಕ್ಕಾಯ್ತು, ಏಸಿ ಸೀಸನ್, ಈಗ ಹೋದ್ರೆ ಹೇಗೆ?" ಎಂದರು ಧಣಿಗಳು. ಬಹರೇನಿನಲ್ಲಿ ಬೇಸಿಗೆ ಎಂದರೆ ಎಂಟು ತಿಂಗಳು. ಸರಿ, ಡಿಸೆಂಬರಿಗೆ ಎಂದು ತೀರ್ಮಾನವಾಯಿತು. ನಾನು ಕೆಂಪು ಫ್ರಾಕೊಂದು ತೆಗೆದು ಪೆಟ್ಟಿಗೆಯಲ್ಲಿ ಇಟ್ಟೆ. ಅಳತೆ ಗೊತ್ತಿಲ್ಲದ ಕಾರಣ ಸ್ವಲ್ಪ ದೊಡ್ಡದೇ ತೆಗೆದೆ.

ಪ್ರತಿ ಶುಕ್ರವಾರ ಬೆಳಿಗ್ಗೆ ಊರಿನ ಹತ್ತು ಗಂಟೆಗೆ ನನ್ನ ಫೋನು. ಮಗಳು ಅಷ್ಟು ಹೊತ್ತಿಗೆ ಹೋಗಿ ಫೋನಿನ ಮೇಜಿನ ಹತ್ತಿರ ನಿಂತಿರುತ್ತಿದ್ದಳಂತೆ. "ಡ್ಯಾಡಿ ಎಲ್ಲಿದ್ದಾರೆ ಅಂತ ಕೇಳಿದ್ರೆ ಫೋನ್ ತೋರಿಸ್ತಾಳೆ" ಎಂದು ಹೆಂಡತಿ ನಗುತ್ತಾ ಹೇಳಿದ್ದಳು. ನಾನೂ ನಕ್ಕೆ. ಆಮೇಲೆ ಮನಸ್ಸಿಗೆ ಏನೋ ಕಸಿವಿಸಿಯಾಯಿತು.

ಇತ್ತ ಸೆಪ್ಟೆಂಬರಿನಲ್ಲಿ ಒಂದು ಅನಾಹುತ. ನಮ್ಮ ಊರವರ ಸಂಘದ ಹಿಂದಿನ ಅಧ್ಯಕ್ಷರು ಹೆಂಡತಿ ಸಮೇತ ಸ್ವಿಟ್ಜರ್ಲೆಂಡಿಗೆ ಹೋಗಿ ಬಂದು, ಸಂಘದ ಹಾಲಿನಲ್ಲಿ ಪರದೆ ಕಟ್ಟಿ ಹಿಮದ ಫೋಟೋಗಳನ್ನು ತೋರಿಸಿದರು. ನಮ್ಮ ಧಣಿಗಳು ಮುಂದಿನ ಸಾಲಿನಲ್ಲಿ ಕೂತು ಒಂದೂವರೆ ಗಂಟೆ ನೋಡಬೇಕಾಯಿತು. ಧಣಿಗಳೇ ಆ ವರ್ಷದ ಅಧ್ಯಕ್ಷರು ಬೇರೆ. ಮರುದಿನ ಆಫೀಸಿಗೆ ಬಂದವರೇ ಕೇಳಿದರು: "ಏ, ಸ್ವಿಟ್ಜರ್ಲೆಂಡಿಗಿಂತ ಜಾಸ್ತಿ ಐಸ್ ಎಲ್ಲಿ ಉಂಟು ಮಾರಾಯ? ಕಂಪ್ಯೂಟರಿನಲ್ಲಿ ನೋಡು."

ನೋಡಿ ಹೇಳಿದವನೂ ನಾನೇ. ಯಾರಿಗೆ ಬೈಯುವುದು!

ಹಡಗಿನ ಟಿಕೇಟು ಬುಕ್ ಆಯಿತು, ಧಣಿಗಳಿಗೂ ಅಕ್ಕನಿಗೂ. ಅಕ್ಕ ಎಂದರೆ ಧಣಿಗಳ ಹೆಂಡತಿ. ಹೊರಡಲು ಎರಡು ತಿಂಗಳಿದೆ ಎನ್ನುವಾಗ ಅವರಿಗೆ ಯಾರೋ ಹಡಗು ಅಲುಗಾಡುವ ವಿಡಿಯೋ ತೋರಿಸಿದರು. "ಫ್ರಿಜ್ಜಿನ ಒಳಗೆ ಕೂತ್ಕೊಳ್ಲಿಕ್ಕೆ ಅಷ್ಟು ದೂರ ಯಾಕೆ? ಅಡುಗೆಮನೆಯಲ್ಲೇ ಉಂಟಲ್ಲ. ನಾನು ಬರುದಿಲ್ಲ" ಎಂದುಬಿಟ್ಟರು. ನಾನು ಇವತ್ತಿಗೂ ಆ ಮಹಾತಾಯಿಯ ಬುದ್ಧಿಗೆ ಕೈಮುಗಿಯುತ್ತೇನೆ. ಆದರೆ ಅವರ ಬುದ್ಧಿ ನನ್ನ ತಲೆಗೆ ಬಂತು.

"ನಿನ್ಗೆ ಇಂಗ್ಲಿಷ್ ಬರ್ತದೆ, ಫೋಟೋ ತೆಗೀಲಿಕ್ಕೂ ಬರ್ತದೆ. ನೀನು ಬಾ" ಎಂದರು ಧಣಿಗಳು.

"ಸರ್, ಡಿಸೆಂಬರಿಗೆ ನನ್ಗೆ ಊರಿಗೆ ಹೋಗ್ಲಿಕ್ಕುಂಟಲ್ಲ. ಮಗುವಿನ ಮುಖ ನಾನು ಇನ್ನೂ ನೋಡ್ಲಿಲ್ಲ."

"ಮಗು ಎಲ್ಲಿಗೆ ಓಡಿ ಹೋಗ್ತದೆ ಮಾರಾಯ? ಅಲ್ಲೇ ಇರ್ತದೆ. ಐಸ್ ಕರಗ್ತಾ ಉಂಟಂತೆ, ಪೇಪರಲ್ಲಿ ಬಂದಿದೆ. ಮೊದ್ಲು ಅದನ್ನು ನೋಡುವ. ಬಂದ ಕೂಡ್ಲೆ ನೀನು ಊರಿಗೆ ಹೋಗು. ನಾನುಂಟಲ್ಲ?"

ಈ 'ನಾನುಂಟಲ್ಲ' ಎನ್ನುವ ಮಾತು ಕೇಳಿ ಹಾಳಾದವರ ಪಟ್ಟಿ ಮಾಡಿದರೆ ಬಹರೇನಿನಿಂದ ಸೌದಿಗೆ ಹೋಗುವ ಸೇತುವೆಯಷ್ಟು ಉದ್ದವಾದೀತು. ನಾನು ತಲೆಯಾಡಿಸಿದೆ. ವೀಸಾಕ್ಕೆ ಪಾಸ್‌ಪೋರ್ಟ್ ಬೇಕಾಯಿತು, ಕಪಾಟು ತೆರೆಯಲು ಫಾರಂ ಬೇಕಾಯಿತು. ಖಲಾಸ್ ಎಂಬಲ್ಲಿ ಗೀಟು ಹಾಕಲಿಕ್ಕಾಗುತ್ತದೆಯೇ? ರಜೆ ಎಂಬಲ್ಲಿ ಹಾಕಿದೆ. ಧಣಿಗಳು ಹಸಿರು ಶಾಯಿಯಲ್ಲಿ ಸಹಿ ಮಾಡಿದರು. ಅವರು ಎಲ್ಲದಕ್ಕೂ ಹಸಿರು ಶಾಯಿಯೇ.

ಪಾಸ್‌ಪೋರ್ಟ್ ಹೊರಬಿದ್ದ ಸುದ್ದಿ ಗುದೈಬಿಯಾದಲ್ಲಿ ಒಂದೇ ದಿನಕ್ಕೆ ಹರಡಿತು. ಊರಿಗೆ ಕಳಿಸುವ ಪಾರ್ಸೆಲುಗಳು ನನ್ನ ಮಂಚದ ಮೇಲೆ ಬಂದು ಬೀಳತೊಡಗಿದವು. ಹಾಲಿನಪುಡಿ ಡಬ್ಬ, ನೋವಿನ ಮುಲಾಮು, ಖರ್ಜೂರ, ಟಾರ್ಚು. ನನ್ನ ಕೋಣೆಯವರಲ್ಲಿ ಹಿರಿಯರು ಒಬ್ಬರು ಬ್ಯಾರಿ ಡ್ರೈವರು, ನಾವೆಲ್ಲ ಕಾಕ ಎನ್ನುತ್ತಿದ್ದೆವು. ಅವರು ಮೊಮ್ಮಗನಿಗೆಂದು ಒಂದು ದೊಡ್ಡ ಟಾರ್ಚು ತಂದಿಟ್ಟರು.

"ಕಾಕ, ನಾನು ಊರಿಗಲ್ಲ ಹೋಗುದು. ಅಂಟಾರ್ಕ್ಟಿಕಾಕ್ಕೆ, ಪೆಂಗ್ವಿನ್ ನೋಡ್ಲಿಕ್ಕೆ."

ಕಾಕ ನನ್ನ ಮುಖವನ್ನೇ ನೋಡಿದರು. "ಮೋನೆ, ಮೂವತ್ತು ವರ್ಷದಿಂದ ನಾನು ಜನರನ್ನು ಏರ್‌ಪೋರ್ಟಿಗೆ ಬಿಡ್ತಾ ಇದ್ದೇನೆ. ಲೀವಿನಲ್ಲಿ ಸೂಟ್‌ಕೇಸ್ ಹಿಡ್ಕೊಂಡು ಹೋಗುವವ ಊರಿಗಲ್ಲದೆ ಮತ್ತೆಲ್ಲಿಗೆ ಹೋಗ್ತಾನೆ? ಪಾರ್ಸೆಲ್ ಒಯ್ಲಿಕ್ಕೆ ಆಗುದಿಲ್ಲ ಅಂತ ಸೀದಾ ಹೇಳು. ನನ್ನ ಹತ್ರ ಬುರುಡೆ ಬಿಡ್ಬೇಡ."

ಅವರು ಟಾರ್ಚನ್ನು ಮಂಚದ ಅಡಿಗೆ ದೂಡಿ, ಮುಖ ತಿರುಗಿಸಿ ಮಲಗಿದರು. ಊರಿನಲ್ಲಿ ಹೆಂಡತಿ ಮಾತ್ರ ನಂಬಿದಳು. "ಅಲ್ಲಿ ಚಳಿ ಅಲ್ವಾ? ಕಿವಿಗೆ ಕಟ್ಟಿಕೊಳ್ಳಿ" ಎಂದಳು.

ಮೂರು ವಿಮಾನ ಬದಲಿಸಿ ದಕ್ಷಿಣ ಅಮೆರಿಕದ ತುದಿಯ ಊರಿಗೆ ತಲುಪಿ ಹಡಗು ಹತ್ತಿದೆವು. ಮೊದಲ ಎರಡು ದಿನದ ಬಗ್ಗೆ ಬರೆಯಲು ಏನೂ ಇಲ್ಲ. ಇಬ್ಬರೂ ವಾಂತಿ ಮಾಡಿದೆವು. ನಾನು ಮೇಲಿನ ಮಂಚದಲ್ಲಿ, ಧಣಿಗಳು ಕೆಳಗೆ. ಮನುಷ್ಯರೊಳಗೆ ಸಮಾನತೆ ತರಲು ಆ ಸಮುದ್ರದಷ್ಟು ಕೆಲಸ ಯಾವ ಕ್ರಾಂತಿಯೂ ಮಾಡಿರಲಿಕ್ಕಿಲ್ಲ. "ಈ ಕಡಲಿಗೆ ಮಂಡೆ ಸರಿ ಇಲ್ಲ ಮಾರಾಯ" ಎಂದು ಧಣಿಗಳು ನರಳುತ್ತಿದ್ದರು. ಅವರ ಹೊಟ್ಟೆಯಲ್ಲಿ ನಿಂತದ್ದು ಅಕ್ಕ ಕಟ್ಟಿಕೊಟ್ಟಿದ್ದ ಒಣ ಸೀಗಡಿ ಚಟ್ನಿ ಒಂದೇ. ಊಟಕ್ಕೆ ಬಂದ ಬಿಳಿ ಮೀನಿನ ಮೇಲೆ ಅದನ್ನು ಉದುರಿಸಿಕೊಂಡು ತಿನ್ನುವಾಗ ಪಕ್ಕದ ಮೇಜಿನ ಬಿಳಿಯ ದಂಪತಿ ಎದ್ದು ಬೇರೆ ಕಡೆ ಹೋದರು.

ಮೂರನೆಯ ದಿನ ಬೆಳಿಗ್ಗೆ ಕಡಲು ತಣ್ಣಗಾಯಿತು. ನಾನು ಒಬ್ಬನೇ ಡೆಕ್ಕಿಗೆ ಹೋದೆ. ಎದುರಿಗೆ ಒಂದು ಮಂಜಿನ ಗುಡ್ಡ ತೇಲಿ ಬರುತ್ತಿತ್ತು. ನಾನು ಬಿಳಿ ಇರುತ್ತದೆ ಅಂದುಕೊಂಡಿದ್ದೆ. ಅದು ಬಿಳಿಯಲ್ಲ. ಒಡೆದ ಸಂದಿನೊಳಗಿಂದ ನೀಲಿ ಬೆಳಕು ಬರುತ್ತಿತ್ತು, ಒಳಗೆ ಯಾರೋ ದೀಪ ಹಚ್ಚಿಟ್ಟ ಹಾಗೆ. ಸದ್ದೇ ಇಲ್ಲ. ಏಸಿಯ ಗುರುಗುರು ಇಲ್ಲದ ಜಾಗದಲ್ಲಿ ನಾನು ನಿಂತು ಎಷ್ಟೋ ವರ್ಷಗಳಾಗಿತ್ತು. ಸ್ವಲ್ಪ ದೂರದಲ್ಲಿ ನೀರು ಸೀಳಿ ತಿಮಿಂಗಿಲವೊಂದು ಉಸಿರುಬಿಟ್ಟಿತು. ಆ ಉಸಿರಿನ ಸದ್ದು ನನಗೆ ಕೇಳಿಸಿತು, ಬೆನ್ನು ನಿಧಾನಕ್ಕೆ ಮಗುಚಿ, ಕೊನೆಗೆ ಬಾಲ ಎದ್ದು ಮುಳುಗಿತು. ಸುಳ್ಳು ಯಾಕೆ ಹೇಳಲಿ, ನನಗೆ ಅಳು ಬಂತು. ಇಷ್ಟು ಚಂದದ್ದನ್ನು ನೋಡಿ "ಅಲ್ಲಿ ನೋಡು" ಎಂದು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಹೇಳಬೇಕಾದವಳಿಗೆ ಎರಡು ವರ್ಷ, ಅವಳು ಫೋನಿನ ಮೇಜಿನ ಹತ್ತಿರ ನಿಂತಿದ್ದಳು.

ಅಷ್ಟರಲ್ಲಿ ಧಣಿಗಳು ಬಂದರು. ಗುಡ್ಡವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಎಷ್ಟು ಟನ್ನಿನ ಕೂಲಿಂಗ್ ಇರ್ಬಹುದು?" ಎಂದರು. ಆಮೇಲೆ ಜಾಕೀಟಿನ ಒಳಗಿಂದ ಬ್ಯಾನರ್ ತೆಗೆದರು.

ಬ್ಯಾನರಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಕಂಪನಿಯ ಹೆಸರು, ಫೋನ್ ನಂಬರು, ಕೆಳಗೆ 'ಇಪ್ಪತ್ತನಾಲ್ಕು ಗಂಟೆ ಸೇವೆ'. ಪೆಂಗ್ವಿನುಗಳ ನಡುವೆ ನಿಂತು ಇದನ್ನು ಹಿಡಿದು ಫೋಟೋ ತೆಗೆಸಿಕೊಂಡು, ಬಹರೇನಿನ ತುಂಬ ಕ್ಯಾಲೆಂಡರು ಹಂಚುವುದು ಅವರ ಯೋಜನೆ. ಆದರೆ ದಡಕ್ಕೆ ಇಳಿಸುವ ಮೊದಲು ಹಡಗಿನವರು ಎಲ್ಲರ ಬಟ್ಟೆಬರೆ ಜಾಲಾಡುತ್ತಿದ್ದರು. ಹೊರಗಿನ ಒಂದು ಬೀಜ, ಒಂದು ತುಣುಕು ಆಹಾರವೂ ಆ ನೆಲಕ್ಕೆ ಬೀಳಬಾರದು ಎಂಬ ನಿಯಮ. ಕಿಸೆಗಳಿಗೆಲ್ಲ ವ್ಯಾಕ್ಯೂಮ್ ಮೆಷಿನ್ ಹಾಕಿ ಎಳೆಯುತ್ತಿದ್ದರು. ಧಣಿಗಳ ಕಿಸೆಯಿಂದ ಸೀಗಡಿ ಚಟ್ನಿಯ ಪುಡಿ ಎಷ್ಟು ಬಂತೆಂದರೆ, ನಮ್ಮ ತಂಡದ ಮಾರ್ಗದರ್ಶಿ ಹುಡುಗಿ ಮೆಷಿನ್ ನಿಲ್ಲಿಸಿ ಮೂಸಿ ನೋಡಿದಳು. ಬ್ಯಾನರ್ ಕೂಡ ಅಲ್ಲೇ ಸಿಕ್ಕಿಬಿತ್ತು. ಗಾಳಿಗೆ ಪಟಪಟ ಎಂದರೆ ಹಕ್ಕಿಗಳು ಹೆದರುತ್ತವೆ, ದಡದಲ್ಲಿ ಬಿಚ್ಚುವ ಹಾಗಿಲ್ಲ ಎಂದಳು. ನಾನು ಅನುವಾದಿಸಿದೆ.

"ಹೇಳು ಅವಳಿಗೆ, ನಾನು ಸಂಘದ ಅಧ್ಯಕ್ಷ ಅಂತ."

ಹೇಳಿದೆ. ಅವಳು ಬಹಳ ಸಂತೋಷ ಎಂದು ಹೇಳಿ, ಬ್ಯಾನರನ್ನು ಮಡಿಸಿ ತನ್ನ ಹತ್ತಿರ ಇಟ್ಟುಕೊಂಡಳು. ಜೀವನದಲ್ಲಿ ಮೊದಲ ಬಾರಿಗೆ ಧಣಿಗಳ ವಸ್ತುವೊಂದು ಬೇರೆಯವರ ಕಪಾಟಿಗೆ ಹೋದದ್ದನ್ನು ನೋಡಿದೆ. ನನಗಾದ ಸಂತೋಷಕ್ಕೆ ನಾನೇ ನಾಚಿಕೊಳ್ಳಬೇಕಿತ್ತು. ನಾಚಲಿಲ್ಲ.

ಪೆಂಗ್ವಿನುಗಳನ್ನು ಚಿತ್ರದಲ್ಲಿ ಮಾತ್ರ ನೋಡಿದವರಿಗೆ ಒಂದು ಮಾತು: ಅವು ನಾರುತ್ತವೆ. ರಬ್ಬರ್ ದೋಣಿ ದಡಕ್ಕೆ ಮುಟ್ಟುವ ಮೊದಲೇ ಮಂಗಳೂರಿನ ಬಂದರಿನಲ್ಲಿ ಮೀನು ಕೊಳೆತ ದಿನದ ವಾಸನೆ ಬಂತು. ಬಿಳಿಯರೆಲ್ಲ ಮೂಗು ಮುಚ್ಚಿಕೊಂಡರೆ ನಮ್ಮಿಬ್ಬರಿಗೆ ಮಾತ್ರ ಊರಿಗೆ ಬಂದ ಹಾಗಾಯಿತು. ಸಾವಿರಗಟ್ಟಲೆ ಹಕ್ಕಿಗಳು ಬೊಬ್ಬೆ ಹೊಡೆಯುತ್ತಿದ್ದವು. ಐದು ಮೀಟರಿಗಿಂತ ಹತ್ತಿರ ಹೋಗಬಾರದು ಎಂದು ನಮಗೆ ಕಟ್ಟಪ್ಪಣೆ. ಅವುಗಳಿಗೆ ಅಂಥ ಅಪ್ಪಣೆ ಯಾರೂ ಕೊಟ್ಟಿರಲಿಲ್ಲ, ನೇರ ಬಂದು ನನ್ನ ಬೂಟು ಕುಟುಕಿದವು. ಗೂಡೆಂದರೆ ಕಲ್ಲಿನ ಗುಪ್ಪೆ. ಒಂದು ಪೆಂಗ್ವಿನ್ ಸಮುದ್ರದ ಬದಿಯಿಂದ ಕಷ್ಟಪಟ್ಟು ಕಲ್ಲು ಹೆಕ್ಕಿ ತಂದು ಇಟ್ಟು ಆಚೆ ತಿರುಗಿದ್ದೇ ತಡ, ಪಕ್ಕದ ಮನೆಯದು ಅದನ್ನು ಎಗರಿಸಿ ತನ್ನ ಗೂಡಿಗೆ ಸೇರಿಸುತ್ತಿತ್ತು. ಪಾಪದ್ದು ಪುನಃ ಸಮುದ್ರದ ಕಡೆಗೆ ನಡೆಯುತ್ತಿತ್ತು.

ಧಣಿಗಳು ಬಹಳ ಹೊತ್ತು ಆ ಕಳ್ಳ ಪೆಂಗ್ವಿನನ್ನೇ ನೋಡಿದರು. "ನೋಡು, ಅದ್ಕೆ ಬಿಸಿನೆಸ್ ಮಂಡೆ ಉಂಟು" ಎಂದರು ಮೆಚ್ಚಿಕೊಂಡು. ಅದರ ಜೊತೆ ಹನ್ನೆರಡು ಫೋಟೋ ತೆಗೆಸಿಕೊಂಡರು.

ನಾನು ನೋಡಿದ್ದು ಬೇರೆ. ಸಮುದ್ರದಿಂದ ಹೊಟ್ಟೆ ತುಂಬಿಸಿಕೊಂಡು ಬಂದ ಒಂದು ಹಕ್ಕಿ ಆ ಸಾವಿರದ ಜಾತ್ರೆಯ ನಡುವೆ ನಿಂತು ಕತ್ತೆತ್ತಿ ಕೂಗಿತು. ಎಲ್ಲ ಮರಿಗಳೂ ಒಂದೇ ಥರ, ಬೂದು ಬಣ್ಣದ ಉಂಡೆಗಳು. ಯಾವುದೂ ತಿರುಗಿ ನೋಡಲಿಲ್ಲ. ಇನ್ನೊಮ್ಮೆ ಕೂಗಿತು. ದೂರದ ಸಂದಿಯಿಂದ ಒಂದೇ ಒಂದು ಮರಿ ಮಾತ್ರ ಕಿಂಯ್ ಎಂದು ಎದ್ದು, ಬಿದ್ದು, ಎದ್ದು ಓಡಿ ಬಂತು. ಮುಖ ನೋಡಿ ಅಲ್ಲ, ಸ್ವರ ಕೇಳಿ ಗುರುತು ಹಿಡಿಯುತ್ತವೆ ಎಂದು ಮಾರ್ಗದರ್ಶಿ ಹುಡುಗಿ ಹೇಳಿದಳು. ಸ್ವರ ಒಂದು ಸಾಕು, ಎಷ್ಟು ದಿನ ಬಿಟ್ಟು ಬಂದರೂ ತಪ್ಪುವುದಿಲ್ಲ ಎಂದಳು. "ಎಂತ ಹೇಳ್ತಾಳೆ?" ಎಂದು ಧಣಿಗಳು ಕೇಳಿದರು. "ಮರಿಗೆ ಹಸಿವಾಗಿದೆಯಂತೆ" ಎಂದೆ. ಆ ಮಾತನ್ನು ಅವರಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

ಹಡಗಿನಲ್ಲಿ ಉಪಗ್ರಹದ ಫೋನಿತ್ತು. ಧಣಿಗಳು ದಿನಾ ಅದರಲ್ಲಿ ಆಫೀಸಿಗೆ ಮಾತಾಡುತ್ತಿದ್ದರು. ಕ್ರಿಸ್ಮಸ್ಸಿನ ದಿನ ನಾನು, "ಸರ್, ಮನೆಗೊಂದು ಎರಡು ನಿಮಿಷ..." ಎಂದೆ. "ಊರಿಗೆ ಎಂತ ಹೇಳ್ಲಿಕ್ಕುಂಟು ಮಾರಾಯ, ಚಳಿ ಉಂಟು ಅಂತಲಾ?" ಎಂದು ನಕ್ಕರು. ಸಿಟ್ಟು ನೆತ್ತಿಗೇರಿತು. ನಾನೂ ನಕ್ಕೆ. ಆ ಪ್ರವಾಸದಲ್ಲಿ ಮೂರು ಶುಕ್ರವಾರಗಳು ಹೋದವು. ಮಗಳು ಮೂರು ವಾರವೂ ಮೇಜಿನ ಹತ್ತಿರ ನಿಂತು ಕಾದಳೆಂದು ಆಮೇಲೆ ಗೊತ್ತಾಯಿತು.

ಬಹರೇನಿಗೆ ವಾಪಸು ಬಂದ ಮರುದಿನ ಪಾಸ್‌ಪೋರ್ಟ್ ಕಪಾಟಿಗೆ ಹೋಯಿತು. ಅದರ ಮರುದಿನ ನಾನು ಹೊಸ ಫಾರಂ ತುಂಬಿಸಿದೆ. ರಜೆಗೆ ಗೀಟು ಹಾಕಿ, ಕೆಳಗಿನ ಖಾಲಿ ಜಾಗದಲ್ಲಿ 'ಕಾರಣ: ಮಗಳನ್ನು ಮೊದಲ ಸಲ ನೋಡಲು. ಮಗುವಿನ ಪ್ರಾಯ: ಎರಡು' ಎಂದು ಬರೆದು ಧಣಿಗಳ ಮೇಜಿನ ಮೇಲೆ ಇಟ್ಟೆ. ಸಂಜೆ ಅದು ಹಸಿರು ಶಾಯಿಯಲ್ಲಿ ವಾಪಸು ಬಂತು: 'ಈ ಸಲದ ರಜೆ ಪಡೆದಾಗಿದೆ. ಅಂಟಾರ್ಕ್ಟಿಕಾ.'

ಒಳಗೆ ಹೋದೆ. "ಸರ್, ಅದು ರಜೆಯಾ? ನಿಮ್ಮ ಫೋಟೋ ತೆಗೀಲಿಕ್ಕೆ ಬಂದದ್ದಲ್ವಾ ನಾನು?"

"ಮತ್ತೆ ಇದೆಂತದು?" ಎಂದು ಹಳೆಯ ಫಾರಂ ತೆಗೆದು ತೋರಿಸಿದರು. ರಜೆ ಎಂಬ ಚೌಕ, ಅದರಲ್ಲಿ ನನ್ನದೇ ಕೈಯ ಗೀಟು. "ನಾನು ಹಾಕಿದ್ದಾ? ನೀನೇ ಹಾಕಿದ್ದು. ನಿನ್ಗೆ ಕೊಟ್ಟು ಉಳಿದವರಿಗೆ ಕೊಡದಿದ್ರೆ ಅವರು ಎಂತ ಹೇಳಿಯಾರು? ರೂಲ್ಸ್ ಅಂದ್ರೆ ರೂಲ್ಸ್. ಮುಂದಿನ ವರ್ಷ ನೋಡುವ."

ತಾನೇ ತೋಡಿದ ಹೊಂಡಕ್ಕೆ ತಾನೇ ಬೀಳುವುದು ಎಂದರೆ ಇದೇ. ಆ ವಾರ ಹೆಂಡತಿಗೆ ಹೇಳುವ ಧೈರ್ಯ ಬರಲಿಲ್ಲ. ಕಾಕನೂ ನನ್ನೊಡನೆ ಮಾತು ಬಿಟ್ಟಿದ್ದರು. ಊರಿಗೆ ಹೋಗಿ ಬಂದೂ ಟಾರ್ಚು ಒಯ್ಯಲಿಲ್ಲ ಎಂದು.

ಜನವರಿಯ ಕೊನೆಗೆ ಸಂಘದ ಹಾಲಿನಲ್ಲಿ ಧಣಿಗಳ ಪ್ರವಾಸ ಕಥನ. ಕುರ್ಚಿ ಖಾಲಿ ಕಾಣಬಾರದೆಂದು ಕ್ಯಾಂಪಿನಿಂದ ನಲವತ್ತು ಮೆಕ್ಯಾನಿಕ್‌ಗಳನ್ನೂ ಕಂಪನಿ ಬಸ್ಸಿನಲ್ಲಿ ತಂದು ಹಿಂದಿನ ಸಾಲುಗಳಲ್ಲಿ ಕೂರಿಸಿದ್ದರು. ಕಾಕನೇ ಬಸ್ಸಿನ ಡ್ರೈವರು. ಮುಖ್ಯ ಅತಿಥಿ ನಮ್ಮ ಕಡೆಯವರೇ ಆದ ಒಬ್ಬರು ಡಾಕ್ಟರಮ್ಮ. ಧಣಿಗಳಿಗೆ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ನಾನು ಮೂಲೆಯಲ್ಲಿ ಕಂಪ್ಯೂಟರ್ ಹಿಡಿದು ಕೂತು ಒಂದೊಂದೇ ಚಿತ್ರ ಪರದೆಗೆ ಬಿಡುತ್ತಿದ್ದೆ. ಮೊದಲ ಚಿತ್ರ ಬಿದ್ದಾಗ ಕಾಕ ಎದ್ದು ನಿಂತು, "ಯಾ ಅಲ್ಲಾ, ಹೌದಲ್ಲ ಮಾರಾಯ!" ಎಂದು ಕೂಗಿದ್ದು ಇಡೀ ಹಾಲಿಗೆ ಕೇಳಿಸಿತು.

ಧಣಿಗಳು ಮಾತಿನಲ್ಲಿ ಜೋರು. ಚಕ್ರವರ್ತಿ ಪೆಂಗ್ವಿನ್ ಎಂಬ ಜಾತಿಯ ಬಗ್ಗೆ ಹಡಗಿನ ಉಪನ್ಯಾಸದಲ್ಲಿ ಹೇಳಿದ್ದನ್ನು ನಾನೇ ಕನ್ನಡದಲ್ಲಿ ಬರೆದುಕೊಟ್ಟಿದ್ದೆ. ನಾವು ಆ ಜಾತಿಯನ್ನು ನೋಡಿರಲೇ ಇಲ್ಲ. ಆದರೂ ಅವರು ಕಳ್ಳ ಪೆಂಗ್ವಿನಿನ ಫೋಟೋ ತೋರಿಸಿ ಶುರುಮಾಡಿದರು: "ಇದು ಗಂಡು. ಇದರ ಅಪ್ಪನ ಪ್ರೀತಿ ನೋಡಿ. ಮೊಟ್ಟೆಯನ್ನು ಕಾಲಿನ ಮೇಲೆ ಇಟ್ಕೊಂಡು, ಎರಡು ತಿಂಗಳು ಅನ್ನ ನೀರು ಇಲ್ಲದೆ, ಆ ಚಳಿಯಲ್ಲಿ ನಿಲ್ತದೆ. ಒಂದು ಹೆಜ್ಜೆ ಆಚೆ ಈಚೆ ಹೋಗುದಿಲ್ಲ. ಮಗುವಿನ ಹತ್ರ ಇರ್ಬೇಕು ಬಂಧುಗಳೇ! ಅಪ್ಪ ಅಂದ್ರೆ ಹೀಗಿರ್ಬೇಕು!"

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೂತ ನಲವತ್ತು ಅಪ್ಪಂದಿರೂ ತಟ್ಟಿದರು. ಅವರ ಪಾಸ್‌ಪೋರ್ಟುಗಳೆಲ್ಲ ನನ್ನ ಕುರ್ಚಿಯ ಹಿಂದೆ ಬೀಗದೊಳಗೆ ಇದ್ದವು. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಓದಿದ್ದೆ. ಬದನೆಕಾಯಿಗೆ ಅಷ್ಟು ಹಾರ ಹಾಕಿದ್ದನ್ನು ನೋಡಿದ್ದು ಅವತ್ತೇ.

ನಾನು ಮುಂದಿನ ಚಿತ್ರದ ಗುಂಡಿ ಒತ್ತಿದೆ. ಕೈತಪ್ಪಿ ಆಯಿತು ಎಂದು ಅವತ್ತು ಎಲ್ಲರಿಗೂ ಹೇಳಿದ್ದೆ. ಸುಳ್ಳು. ಹಿಂದಿನ ದಿನವೇ ಸ್ಕ್ಯಾನ್ ಮಾಡಿ ಆ ಜಾಗದಲ್ಲಿ ಕೂರಿಸಿದ್ದೆ.

ಪರದೆಯ ತುಂಬ ನನ್ನ ಫಾರಂ. ಕಾರಣ: ಮಗಳನ್ನು ಮೊದಲ ಸಲ ನೋಡಲು. ಮಗುವಿನ ಪ್ರಾಯ: ಎರಡು. ಕೆಳಗೆ ಆಳೆತ್ತರದ ಹಸಿರು ಅಕ್ಷರಗಳಲ್ಲಿ: ಈ ಸಲದ ರಜೆ ಪಡೆದಾಗಿದೆ. ಅಂಟಾರ್ಕ್ಟಿಕಾ. ಅದರ ಕೆಳಗೆ ಧಣಿಗಳ ಸಹಿ.

ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಕಿಸಕ್ ಎಂದ. ಇನ್ನೊಬ್ಬ. ಅಷ್ಟರಲ್ಲಿ ಮುಖ್ಯ ಅತಿಥಿ ಡಾಕ್ಟರಮ್ಮ ಮೈಕಿಗೆ ಬಗ್ಗಿ ಕೇಳಿದರು: "ಎರಡು ವರ್ಷ ಆಯ್ತು, ಅಪ್ಪ ಮಗುವನ್ನು ಇನ್ನೂ ನೋಡ್ಲಿಲ್ವಾ?"

ಕೆಲಸ ಹೋಯಿತು, ಇನ್ನು ಖಲಾಸ್ ಎಂಬ ಆ ಎರಡನೆಯ ಚೌಕವೇ ಗತಿ ಅಂದುಕೊಂಡೆ. ಆದರೆ ಸ್ಪ್ಯಾನರಿನಿಂದ ವಿಲ್ಲಾದವರೆಗೆ ಬಂದವರು ಸುಮ್ಮನೆ ಬಂದವರಲ್ಲ. ಧಣಿಗಳು ಎರಡು ಸೆಕೆಂಡು ಪರದೆ ನೋಡಿದರು, ಮೈಕು ಎಳೆದುಕೊಂಡರು, ದೊಡ್ಡದಾಗಿ ನಕ್ಕರು. "ಬಂಧುಗಳೇ, ಇದೇ ನನ್ನ ಸರ್‌ಪ್ರೈಸ್! ಈ ಹುಡುಗನಿಗೆ ಇವತ್ತು ಈ ವೇದಿಕೆಯಲ್ಲಿ ನಾನು ರಜೆ ಕೊಡ್ತಾ ಇದ್ದೇನೆ. ಹೋಗು, ಮಗುವನ್ನು ನೋಡ್ಕೊಂಡು ಬಾ!" ಎಂದು ತಮ್ಮ ಶಾಲನ್ನೇ ತೆಗೆದು ನನಗೆ ಹೊದಿಸಿದರು. ಪೆಂಗ್ವಿನಿಗೆ ಬಿದ್ದದ್ದಕ್ಕಿಂತ ಜೋರಾಗಿ ಚಪ್ಪಾಳೆ ಬಿತ್ತು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ಸಂಘದ ಪತ್ರಿಕೆಯ ಮುಖಪುಟಕ್ಕೆ ಆ ಫೋಟೋವೇ ಹೋಯಿತು.

ಮರುದಿನ ಆಫೀಸಿನಲ್ಲಿ ಹಸಿರು ಶಾಯಿಯಲ್ಲಿ ಹದಿನಾಲ್ಕು ದಿನ ಎಂದು ಬರೆದುಕೊಟ್ಟರು. "ಉಳಿದದ್ದು ಪೆಂಗ್ವಿನಿಗೆ ಹೋಯ್ತಲ್ಲ" ಎಂದರು, ಮುಖ ಎತ್ತದೆ.

ಫೆಬ್ರವರಿಯಲ್ಲಿ, ಒಂದು ಸೋಮವಾರ, ಊರಿಗೆ ಬಂದೆ. ಕೆಂಪು ಫ್ರಾಕು, ಹಡಗಿನ ಅಂಗಡಿಯಿಂದ ತಂದ ಬಟ್ಟೆಯ ಪೆಂಗ್ವಿನ್, ಕಾಕನ ಟಾರ್ಚು. ಮಗಳು ಬಾಗಿಲ ಹಿಂದೆ ನಿಂತು ನೋಡಿದಳು. ಗೋಡೆಯ ಮೇಲಿನ ಮದುವೆ ಫೋಟೋದಲ್ಲಿ ನನಗೆ ತಲೆ ತುಂಬ ಕೂದಲು. ಬಹರೇನಿನ ನೀರು ಅದನ್ನು ತೆಗೆದುಕೊಂಡಿತ್ತು. ಹೆಂಡತಿ "ಡ್ಯಾಡಿ ನೋಡು, ಡ್ಯಾಡಿ" ಎಂದು ದೂಡಿದರೆ ಅವಳು ಬೊಬ್ಬೆ ಹಾಕಿ ಅಳುತ್ತಿ‌ದ್ದಳು. ನಾನು ಹೆದರಿ ಮಾತೇ ಆಡಲಿಲ್ಲ. ಪೆಂಗ್ವಿನ್ ಮಾತ್ರ ಮೊದಲ ದಿನವೇ ಅವಳ ಹಾಸಿಗೆಗೆ ಹೋಯಿತು. ಫ್ರಾಕು ಬಿಗಿಯಾಯಿತು.

ನಾಲ್ಕು ದಿನ ಹೀಗೇ ಕಳೆಯಿತು. ಐದನೆಯ ದಿನ ಶುಕ್ರವಾರ. ಹತ್ತು ಗಂಟೆಗೆ ಅವಳು ಪೆಂಗ್ವಿನನ್ನು ಕಂಕುಳಲ್ಲಿ ಹಿಡಿದು ಫೋನಿನ ಮೇಜಿನ ಹತ್ತಿರ ಹೋಗಿ ನಿಂತಳು. "ಇವತ್ತು ಫೋನ್ ಬರುದಿಲ್ಲ ಮಗಾ, ಡ್ಯಾಡಿ ಇಲ್ಲೇ ಇದ್ದಾರಲ್ಲ" ಎಂದಳು ಹೆಂಡತಿ. ಅವಳು ಕದಲಲಿಲ್ಲ. ಹತ್ತೂ ಕಾಲಾಯಿತು. ತುಟಿ ಅದುರತೊಡಗಿತು. ನನಗೆ ತಡೆಯಲಾಗಲಿಲ್ಲ. ಹೆಂಡತಿಯ ಮೊಬೈಲ್ ತೆಗೆದುಕೊಂಡು ಹಿಂದಿನ ಬಾಗಿಲಿನಿಂದ ಬಾವಿಕಟ್ಟೆಗೆ ಹೋಗಿ ಮನೆಯ ನಂಬರಿಗೆ ಫೋನ್ ಮಾಡಿದೆ.

ಒಂದೇ ರಿಂಗಿಗೆ ಎತ್ತಿದಳು. "ಡ್ಯಾಡೀ!"

ಆ ಸ್ವರದಲ್ಲಿದ್ದ ಖುಷಿಯನ್ನು ನಾನು ಹೇಗೆ ಬರೆಯಲಿ? ಕಿಟಕಿಯಿಂದ ಅವಳು ಕುಣಿಯುವುದು ಕಾಣಿಸುತ್ತಿತ್ತು. "ಹೇಳು ಮಗಾ" ಎಂದೆ, ಪ್ರತಿ ಶುಕ್ರವಾರ ಬಹರೇನಿನಿಂದ ಹೇಳುವ ಹಾಗೆಯೇ.

ಅವಳು ಬಾಯಿಯನ್ನು ಫೋನಿಗೆ ಒತ್ತಿ, ಗುಟ್ಟಿನಲ್ಲಿ ಹೇಳಿದಳು: "ಡ್ಯಾಡಿ, ನಮ್ಮ ಮನೆಗೆ ಒಬ್ಬ ಮಾಮ ಬಂದಿದ್ದಾನೆ. ಹೋಗುದೇ ಇಲ್ಲ. ಯಾವಾಗ ಹೋಗ್ತಾನೆ?"

ನಾನು ಬಾವಿಕಟ್ಟೆಯ ಮೇಲೆ ಕೂತೆ. ರಜೆ ಎಷ್ಟು ಉಳಿದಿದೆ ಎಂದು ನನಗೆ ಬಾಯಿಪಾಠವಿತ್ತು.

"ಇನ್ನು ಒಂಬತ್ತು ದಿನ ಮಗಾ" ಎಂದೆ. "ಮತ್ತೆ ಹೋಗ್ತಾನೆ."